ಬೆಂಕಿಪೊಟ್ಟಣ ಬೀಳದ ರೈಲು

ರೈಲಿನಲ್ಲಿ ನಿದ್ದೆ ಹೋಗಿ ಕಡೂರಿನಲ್ಲಿ ಇಳಿಯುವುದನ್ನೇ ತಪ್ಪಿಸಿಕೊಂಡೆ. ಈಗ ಬೀರೂರು ಸ್ಟೇಷನ್ನಿನ ಬೆಂಚಿನಲ್ಲಿ ಕೂತು, ದಿನವಿಡೀ ಕೆಲಸದಲ್ಲಿ ನಿಂತು ನೋಯುವ ಕಾಲು ನೀವಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ನಮ್ಮಪ್ಪ ತರೀಕೆರೆ ಕಡೆಯ ರೈಲುಗಳ ಡ್ರೈವರ್. ಡ್ಯೂಟಿ ಮುಗಿಸಿ ಬಂದರೆ ಮಾತಾಡಲೂ ತ್ರಾಣವಿರುತ್ತಿರಲಿಲ್ಲ. ಆದರೂ ಕೀಲಿ ಕೊಟ್ಟು ಓಡಿಸುವ ನನ್ನ ತಗಡಿನ ರೈಲು ಕೆಟ್ಟಾಗ, ಅದರ ಇಂಜಿನ್ನಿಗೆ ಹಳೇ ಟೇಪ್ ರೆಕಾರ್ಡರಿನ ಮೋಟಾರು ಕೂರಿಸಿದರು. ಬ್ಯಾಟರಿ ಶೆಲ್ಲಿಗೆ ವಯರು ತಗುಲಿಸಿದೊಡನೆ ಅದು ಚಿಮ್ಮಿ ಗೋಡೆಗೆ ಬಡಿಯಿತು. ನಾನು ಚಪ್ಪಾಳೆ ತಟ್ಟಿದೆ. ಅಪ್ಪನ ಮುಖ ಸಪ್ಪಗಾಯಿತು.

ಕೆಟ್ಟ ಕರೆಂಟ್ ಒಲೆಯ ಸುರುಳಿ ತಂತಿಯನ್ನು ಹಲಗೆಯ ಮೇಲೆ ಎಳೆದು ಕಟ್ಟಿದರು. ಶೆಲ್ಲಿನ ವಯರನ್ನು ಅದರ ಮೇಲೆ ಜರುಗಿಸಿದಂತೆ ರೈಲಿನ ವೇಗ ಏರಿ ಇಳಿಯುತ್ತಿತ್ತು. ಬೋಗಿಯ ಮೇಲೆ ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ರೈಲು ಹೊರಡುವಾಗ ಅದು ಬೀಳಬಾರದು. ದಿನವೂ ಬೀಳುತ್ತಿತ್ತು.

“ಜೋರಾಗಿ ಬಿಡಪ್ಪಾ” ಎಂದು ನಾನು ಗೋಗರೆಯುತ್ತಿದ್ದೆ.

“ಜೋರಾಗಿ ಯಾರ್ ಬೇಕಾದ್ರೂ ಬಿಡ್ತಾರೆ ಕಣೇ. ಒಳಗೆ ಜನ ಸುಸ್ತಾಗಿ ಮಲ್ಗಿರ್ತಾರೆ. ಹೊರಟಿದ್ದು ಅವ್ರಿಗೆ ಗೊತ್ತೇ ಆಗ್ಬಾರ್ದು.”

ಒಂದು ಸಂಜೆ ಪೊಟ್ಟಣ ಬೀಳಲಿಲ್ಲ. ಅಪ್ಪ ಅಲ್ಲೇ ಗೋಡೆಗೊರಗಿ ನಿದ್ದೆ ಹೋದರು.

ಇವತ್ತು ಕಡೂರಿನಿಂದ ರೈಲು ಹೊರಟದ್ದೇ ನನಗೆ ಗೊತ್ತಾಗಲಿಲ್ಲ. ಆ ಡ್ರೈವರನ್ನು ಬೈಯೋಣವೆಂದರೆ ಬಾಯಿ ಬರುತ್ತಿಲ್ಲ.