ಕಾಳಿನ ಕಾಕಾ ಹೇಳುತ್ತಿದ್ದ ಬೆಲೆ

ಆಗ ನನಗೆ ಅರವತ್ತೊಂದು. ಐದು ವರ್ಷದ ಹಿಂದಿನ ಮಾತು. ಮೊನ್ನೆ ಗುಡಗೇರಿ ಸಂತೆಯಲ್ಲಿ ಯಾರೋ ಹೊಸ ಗೋಣಿಚೀಲ ಕೊಡವಿದರು. ಆ ವಾಸನೆ ಮೂಗಿಗೆ ಬಡಿದದ್ದೇ ಕಾಕಾ ನೆನಪಾದರು...

ಕಾಕಾ ಅಂದರೆ ನಮ್ಮ ಓಣಿಯ ಕಾಳಿನ ಅಂಗಡಿಯವರು. ಸಂತೆಯ ದಿನ ನನ್ನ ಬದನೆಕಾಯಿ ಬುಟ್ಟಿಯ ಬಾಜು ಅವರ ಜೋಳದ ಚೀಲಗಳು. ಬೆಲೆಯ ವಿಷಯದಲ್ಲಿ ಕಲ್ಲಿನಂಥ ಮನುಷ್ಯ. "ಈ ಮುದುಕ ಯಮನ ಕೂಡಾನೂ ಚೌಕಾಸಿ ಮಾಡ್ತಾನ" ಎಂದು ಹೆಂಗಸರು ನಗುತ್ತಿದ್ದರು. ಹೆಂಡತಿ ಮೊದಲೇ ಹೋಗಿದ್ದಳು. ಒಬ್ಬಳೇ ಮಗಳು, ಬ್ಯಾಂಕಿನಲ್ಲಿ ನೌಕರಿ. ಮೊದಲ ಪಗಾರದಲ್ಲಿ ಯಾವುದೋ ಸಣ್ಣ ಕಂಪನಿಯ ಶೇರು ಅಪ್ಪನ ಹೆಸರಿಗೆ ಕೊಂಡುಕೊಟ್ಟು, ಫೋನಿನಲ್ಲಿ ನೋಡುವುದನ್ನೂ ಕಲಿಸಿದ್ದಳು. ಮರುವರ್ಷ ಕಾಮಾಲೆಯಾಗಿ ತೀರಿಕೊಂಡಳು. ಅವಳು ಗಳಿಸಿ ಕೊಟ್ಟದ್ದು ಅಂತ ಉಳಿದದ್ದು ಅದೊಂದೇ.

ಬೆಳಗಾದರೆ ಕಾಕಾ ಫೋನು ತೆಗೆದು ಆ ಶೇರಿನ ಬೆಲೆ ನೋಡುತ್ತಿದ್ದರು. ಒಮ್ಮೆ ಕೇಳಿದೆ, "ಈ ಬೆಲಿ ಯಾರು ಇಡ್ತಾರ್ರಿ ಕಾಕಾ? ಸರ್ಕಾರದವ್ರೇನು?"

"ನಿನ್ನ ಬದನಿಕಾಯಿ ಬೆಲಿ ಯಾರು ಇಡ್ತಾರ?"

"ನಾನ."

"ನೀ ಬರೇ ಹೇಳ್ತಿ ಬೇ. ತಗೊಳ್ಳಾಕಿ ಒಂದು ಕೇಳ್ತಾಳ. ಇಬ್ಬರೂ ಎಲ್ಲಿ ಹೂಂ ಅಂತೀರಿ, ಅದು ಬೆಲಿ. ಇದರಾಗೂ ಹಂಗ. ಕಡೀಕ ಯಾರೋ ಇಬ್ಬರು ಹೂಂ ಅಂದದ್ದನ್ನ ಇದು ತೋರಸ್ತೈತಿ, ಅಷ್ಟ."

ದಿನಾ ಬೆಳಿಗ್ಗೆ ಅವರು ಆ ಶೇರುಗಳನ್ನು ಮಾರಾಟಕ್ಕೆ ಇಡುತ್ತಿದ್ದರು; ನಡೆದ ಬೆಲೆಗಿಂತ ಬಹಳ ಮೇಲೆ. ಯಾರೂ ಕೊಳ್ಳುತ್ತಿರಲಿಲ್ಲ. ಸಂಜೆಗೆ ಆ ಶೇರು ತಾವಾಗಿಯೇ ವಾಪಸು ಬರುತ್ತಿದ್ದವು. ನಮ್ಮ ಕಡೆ ಒಳ್ಳೆಯ ಎತ್ತು ಇದ್ದವರು ಹೀಗೇ ಮಾಡುತ್ತಾರೆ. ಮಾರುವ ಮನಸ್ಸಿರುವುದಿಲ್ಲ. ಆದರೂ ದನದ ಸಂತೆಗೆ ಹೊಡೆದುಕೊಂಡು ಹೋಗಿ, ಯಾರೂ ಕೊಡಲಾರದ ಬೆಲೆ ಹೇಳಿ ನಿಲ್ಲುತ್ತಾರೆ. ನಾಲ್ಕು ಜನ ಹಲ್ಲು ನೋಡಿ, ಮೈ ಸವರಿ, ಭಾರಿ ಎತ್ತು ಅಂದರೆ ಸಾಕು. ಹೊತ್ತು ಮುಳುಗುವಾಗ ಮನೆಗೆ ಹೊಡೆದುಕೊಂಡು ಬರುತ್ತಾರೆ.

"ನನ್ನ ಮಗಳದೂ ನಾಕ್ ಮಂದಿ ನೋಡ್ಲಿ" ಅಂದಿದ್ದರು ಕಾಕಾ.

ಒಂದು ಸಂತೆಯ ಮಧ್ಯಾಹ್ನ ಫೋನು ಸದ್ದು ಮಾಡಿತು. ಆ ಕಂಪನಿಗೆ ಏನೋ ದೊಡ್ಡ ಕೆಲಸ ಸಿಕ್ಕಿತಂತೆ, ಕೊಳ್ಳುವವರು ಮುಗಿಬಿದ್ದಿದ್ದರಂತೆ. ಕಾಕಾ ಹೇಳಿದ ಬೆಲೆಗೆ ಯಾರೋ ಹೂಂ ಅಂದುಬಿಟ್ಟಿದ್ದರು. ಫೋನನ್ನು ನನ್ನ ಕಡೆ ತಿರುಗಿಸಿದರು. ನನಗೆ ಅಂಕಿಯಷ್ಟೇ ತಿಳಿಯಿತು.

"ಹೋದವು" ಅಂದರು.

"ರೊಕ್ಕ ಭಾಳ ಬಂತಲ್ರಿ. ಮತ್ತ ತಗೋರಿ, ಹಂಥಾವ ಸಿಗತಾವು."

"ಹಂಥಾವ ಸಿಗತಾವು. ಅವ ಸಿಗೂದಿಲ್ಲ."

"ಕೊಡೂದಿಲ್ಲ ಅಂದ್ಬಿಡ್ರಿ ಅವಂಗ."

"ಯಾರಿಗಂತ ಹೇಳ್ಲಿ? ಅವಂಗ ಮುಖಾನ ಇಲ್ಲ. ಬೆಲಿ ಹೇಳಿದಾಂವ ನಾನ..." ಫೋನನ್ನು ಜೇಬಿಗಿಟ್ಟು ಅಂದರು, "ಎತ್ತು ಮಾರಿದ್ರ ಹಗ್ಗಾದ್ರೂ ಮನಿಗೆ ಬರ್ತೈತಿ."

ಎತ್ತು ಕೊಟ್ಟರೂ ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಬದನೆಕಾಯಿಗೆ ನೀರು ಚಿಮುಕಿಸುತ್ತ ಕೂತೆ.

ಕಾಕಾ ಆಮೇಲೆ ಎರಡು ಮಳೆಗಾಲ ಕಂಡರು. ಈಗ ಅವರ ಜಾಗದಲ್ಲಿ ಪ್ಲಾಸ್ಟಿಕ್ ಕೊಡ ಮಾರುವವನು ಕೂಡುತ್ತಾನೆ. ಒಳ್ಳೆಯವನೇ. ಕೇಳಿದ ತಕ್ಷಣ ಬೆಲೆ ಇಳಿಸುತ್ತಾನೆ. ನನಗೆ ಅವನ ಕೂಡ ಮಾತು ಬೆಳೆಯುವುದಿಲ್ಲ. ಕಾಕಾ ಹೋಗಿ ಮೂರು ವರ್ಷವಾಯಿತು ಅನ್ನುತ್ತಾರೆ ಊರವರು. ನನ್ನ ಮಟ್ಟಿಗೆ ಅವರು ಹೋದದ್ದು ಶೇರು ಮಾರಿಹೋದ ಆ ಸಂತೆಯ ಮರುದಿನವೇ.

ಆ ಬೆಳಿಗ್ಗೆ ನಾನು ಚೀಲ ಹಿಡಿದು ಅವರ ಅಂಗಡಿಗೆ ಹೋದೆ. ಮನೆಯಲ್ಲಿ ಜೋಳ ಇತ್ತು, ಆದರೂ ಹೋದೆ. ಬೆಲೆ ಕೇಳಿದರೆ, "ನಿನಗ ತಿಳಿದಷ್ಟು ಕೊಡು" ಅಂದರು. ಬೈಯಲಿ ಅಂತ ಅಗದಿ ನಾಚಿಕೆಗೇಡಿನ ಬೆಲೆಗೆ ಕೇಳಿದೆ. ಬೈಯಲಿಲ್ಲ. ತೂಗಿ ಚೀಲಕ್ಕೆ ಹಾಕಿದರು. ಹೊತ್ತುಕೊಂಡು ಮನೆಗೆ ಬಂದೆ.