ಒಂದೇ ಕ್ಯಾನಿನ ಹಾಲು

ನಮ್ಮೂರಿಗೆ ಕೊರೊನಾ ತಂದವರು ನಾವು. ಊರು ಹಾಗಂತ ತೀರ್ಮಾನ ಮಾಡಿತ್ತು, ನಮ್ಮನ್ನು ಯಾರೂ ಕೇಳಲಿಲ್ಲ. ಸಾಸ್ವೆಹಳ್ಳಿಯ ಹತ್ತಿರದ ನಮ್ಮ ಊರಿನಿಂದ ನನ್ನ ಗಂಡ ಲಗೇಜ್ ಆಟೋದಲ್ಲಿ ತರಕಾರಿ ತುಂಬಿಕೊಂಡು ದಾವಣಗೆರೆಯ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದರು. ಲಾಕ್‌ಡೌನ್ ಶುರುವಾದಾಗ ಟೊಮೆಟೊ, ಬದನೆಕಾಯಿ ಹೊಲದಲ್ಲೇ ಕೊಳೆಯುತ್ತಿದ್ದವು. ಪಾಸ್ ಮಾಡಿಸಿಕೊಂಡು ಧೈರ್ಯವಾಗಿ ಓಡಾಡಿದವರು ಇವರೊಬ್ಬರೇ. ಬರುವಾಗ ಯಾರಿಗೋ ಬಿಪಿ ಮಾತ್ರೆ, ಯಾರಿಗೋ ಎಲೆ ಅಡಿಕೆ ತಂದುಕೊಟ್ಟು ದೇವರಂಥ ಮನುಷ್ಯ ಅನ್ನಿಸಿಕೊಂಡಿದ್ದರು. ಜ್ವರ ಬಂದು, ಗಂಟಲು ದ್ರವದ ಟೆಸ್ಟ್ ಪಾಸಿಟಿವ್ ಎಂದ ದಿನ ದೇವರು ದೆವ್ವವಾಗಿಬಿಟ್ಟರು.

ಆಂಬುಲೆನ್ಸ್ ಬಂದಾಗ ಮಾಳಿಗೆಗಳ ಮೇಲೆಲ್ಲ ಮೊಬೈಲು ಹಿಡಿದ ಕೈಗಳು. ಇವರು ಬಟ್ಟೆ ಚೀಲ ಹಿಡಿದು ಗಾಡಿ ಹತ್ತುವ ವಿಡಿಯೋ, ಇವರು ಆಸ್ಪತ್ರೆ ಮುಟ್ಟುವ ಮೊದಲೇ ನ್ಯಾಮತಿಯ ನಾದಿನಿಗೂ ಚನ್ನಗಿರಿಯ ಬೀಗರಿಗೂ ಮುಟ್ಟಿತ್ತು. ಜಗಳೂರು ಕಡೆಯ ಬಿಳಿಚೋಡು ನನ್ನ ತವರು. ಅಲ್ಲಿಂದ ಅವ್ವ ಫೋನ್ ಮಾಡಿ, ಇಲ್ಲೂ ದಾರಿಗೆ ಮುಳ್ಳು ಹಾಕಿದ್ದಾರೆ, ನಿನ್ನನ್ನು ಬಾ ಅಂತ ಕರೆಯುವುದಕ್ಕೂ ಆಗುತ್ತಿಲ್ಲ ಎಂದು ಗೋಳಾಡಿದಳು. ಕರೆದರೂ ನಾನು ಬರುವವಳಲ್ಲ ಎಂದು ಗದರಿಸಿ ಫೋನ್ ಇಟ್ಟೆ. ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂತು ಅತ್ತುಬಿಟ್ಟೆ.

ನನಗೂ ನಮ್ಮ ಅತ್ತೆಗೂ ನೆಗೆಟಿವ್ ಬಂತು. ಆದರೂ ನಮ್ಮ ಬಾಗಿಲಿಗೆ ಅಡ್ಡ ಬಿದಿರು ಕಟ್ಟಿ, ಎರಡು ವಾರ ಹೊರಗೆ ಬರಬೇಡಿ ಎಂದರು. ಬರಲಿಲ್ಲ. ಅದು ನಿಯಮ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಸುಗಳಿಗೆ ಯಾವ ಲಾಕ್‌ಡೌನ್? ಎರಡು ಹಸು ಎರಡು ಹೊತ್ತೂ ಹಾಲು ಕೊಡುತ್ತಿದ್ದವು. ಕರುಗಳಿಗೆ ಹೊಟ್ಟೆ ತುಂಬ ಬಿಟ್ಟು, ಉಳಿದದ್ದಕ್ಕೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ ಮನೆಯ ಡಬ್ಬಿಗಳಲ್ಲೆಲ್ಲ ತುಪ್ಪ ತುಂಬಿಸಿದೆ. ಮಜ್ಜಿಗೆ ಕುಡಿದು ಕುಡಿದು ಅತ್ತೆಗೆ ನೆಗಡಿ ಬಂತು. ಆ ದಿನಗಳಲ್ಲಿ ನೆಗಡಿ ಎಂದರೆ ಸಣ್ಣ ಮಾತಲ್ಲ. ಸೀನು ಬಂದರೆ ಸಾಕು, ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡುತ್ತಿದ್ದರು.

ಇವರು ಸೊರಗಿ ಅರ್ಧವಾಗಿ, ಆದರೆ ಗುಣವಾಗಿ ಮನೆಗೆ ಬಂದರು. ಮುಂದೆ ಕೆಲವು ದಿನಕ್ಕೆ ಬಿದಿರನ್ನೂ ಬಿಚ್ಚಿದರು. ಮರುದಿನ ಬೆಳಿಗ್ಗೆಯೇ ಹಾಲಿನ ಪಾತ್ರೆ ಹಿಡಿದು ಡೈರಿಗೆ ಹೋದೆ. ನಮ್ಮೂರ ಡೈರಿಯಲ್ಲಿ ಚೂರು ಹಾಲು ತೆಗೆದು ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿ, ಅಳೆದು, ದೊಡ್ಡ ಕ್ಯಾನಿಗೆ ಸುರಿಯುತ್ತಾರೆ. ಎಲ್ಲ ಮನೆಯದೂ ಅದೇ ಕ್ಯಾನಿಗೆ. ಹೊಲದ ಬದುವಿಗೆ ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಲೂ ಅಲ್ಲಿ ಬೆರೆಯುತ್ತದೆ.

ನನ್ನನ್ನು ಕಂಡದ್ದೇ ಸಾಲು ಚದುರಿತು. ನಮ್ಮ ಬೀದಿಯ ಕೊನೆಯ ಮನೆಯಾಕೆ, ನಾನು ಅಕ್ಕ ಎಂದು ಕರೆಯುವವಳು, ಎಲ್ಲರಿಗೂ ಕೇಳುವಂತೆ ಹೇಳಿದಳು, ಇವಳ ಹಾಲು ಕ್ಯಾನಿಗೆ ಬಿದ್ದರೆ ನಮ್ಮದು ಬೀಳುವುದಿಲ್ಲ ಎಂದು. ಹಿಂದಿನವರೆಲ್ಲ ಹೂಂಗುಟ್ಟಿದರು. ಡೈರಿಯ ಸೆಕ್ರೆಟರಿ ದೂರದ ಸಂಬಂಧದಲ್ಲಿ ನನಗೆ ಮೈದುನನಾಗಬೇಕು. ತಲೆ ತಗ್ಗಿಸಿಕೊಂಡೇ ಮಾತಾಡಿದ.

"ಸ್ವಲ್ಪ ದಿನ ತಡೀರಿ ಅತ್ತಿಗೆ. ಜನ ಒಪ್ತಿಲ್ಲ, ನಾನೇನು ಮಾಡಾಕೆ ಆಗ್ತೈತೆ?"

ಎಷ್ಟು ದಿನ ಎಂದು ಕೇಳಿದೆ. ಅವನು ಹಿಂದಿನವರ ಪಾತ್ರೆಗೆ ಕೈ ಚಾಚಿದ. ಪೇಟೆಗೆ ಹೋದ ಹಾಲನ್ನು ಕಾಯಿಸಿಯೇ ಪ್ಯಾಕೆಟ್ಟಿಗೆ ತುಂಬುತ್ತಾರೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬೇಡ ಎಂದರೆ ಅದು ಹಾಲಿನ ಮಾತಲ್ಲ. ಇಂದು ಹಾಲು ಬೇಡ ಎಂದವರು ನಾಳೆ ನಮ್ಮ ಮನೆಯ ಅರಿಶಿನ ಕುಂಕುಮ ಬೇಡ ಎನ್ನುತ್ತಾರೆ, ನಾಡಿದ್ದು ಪಂಕ್ತಿಯಲ್ಲಿ ಪಕ್ಕ ಕೂರುವುದಿಲ್ಲ ಎನ್ನುತ್ತಾರೆ. ಊರ ಕ್ಯಾನಿನಿಂದ ಹೊರಗೆ ಬಿದ್ದರೆ ನಾವು ಊರಿನಿಂದಲೇ ಹೊರಗೆ ಬಿದ್ದಂತೆ ಎಂದು ನನಗೆ ಅಲ್ಲಿ ನಿಂತಾಗಲೇ ಅರ್ಥವಾಯಿತು. ಮೈಯೆಲ್ಲ ಉರಿಯಿತು.

ಬಿಟ್ಟುಬಿಡು, ತುಪ್ಪ ಮಾಡಿದರಾಯಿತು ಎಂದರು ಇವರು. ದೊಡ್ಡವರನ್ನು ಎದುರು ಹಾಕಿಕೊಳ್ಳಬೇಡ ಎಂದರು ಅತ್ತೆ. ನಾನು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ದಿನಾ ಎರಡು ಹೊತ್ತೂ ಹೋಗಿ, ಅಂತರಕ್ಕೆಂದು ಸುಣ್ಣದಲ್ಲಿ ಬರೆದ ಒಂದು ಸುತ್ತಿನೊಳಗೆ ನಿಲ್ಲುತ್ತಿದ್ದೆ. ಹಿಂದೆ ಮುಂದೆ ಇನ್ನಷ್ಟು ಸುತ್ತುಗಳನ್ನು ಜನ ಖಾಲಿ ಬಿಡುತ್ತಿದ್ದರು. ಸರದಿ ಬಂದಾಗ ಪಾತ್ರೆಯ ಮುಚ್ಚಳ ತೆಗೆದು ಹಿಡಿಯುತ್ತಿದ್ದೆ, ಮೈದುನ ಬೇರೆ ಕಡೆ ನೋಡುತ್ತಿದ್ದ, ಮುಚ್ಚಳ ಹಾಕಿ ವಾಪಸ್ಸಾಗುತ್ತಿದ್ದೆ. ಹಿತ್ತಲ ದಾರಿಯೊಂದಿತ್ತು, ಅದರಲ್ಲಿ ಕದ್ದು ಹೋಗಬಹುದಿತ್ತು. ಬೇಕೆಂದೇ ಊರ ನಡುವಿನ ಬೀದಿಯಲ್ಲಿ, ಎಲ್ಲರ ಜಗುಲಿ ಮುಂದೆ ತುಂಬಿದ ಪಾತ್ರೆ ಹೊತ್ತು ನಡೆಯುತ್ತಿದ್ದೆ. ನೋಡಲಿ ಎಂದು.

ಹೀಗಿರುವಾಗ ಎರಡನೇ ಆಂಬುಲೆನ್ಸ್ ಬಂತು. ನಿಂತದ್ದು ಬೀದಿಯ ಕೊನೆಯ ಮನೆಯ ಮುಂದೆ. ಬಸವಾಪಟ್ಟಣದ ತಂಗಿಯನ್ನು ನೋಡಿಕೊಂಡು ಬಂದಿದ್ದ ಅಕ್ಕನಿಗೇ ಪಾಸಿಟಿವ್. ಮತ್ತೆ ಮಾಳಿಗೆಗಳ ಮೇಲೆ ಮೊಬೈಲು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಗಾಡಿ ಹತ್ತಿದಳು.

ಅಂದು ಸಂಜೆ ನಾನು ಸಾಲಿನಲ್ಲಿ ನಿಂತಾಗ ಯಾರೂ ದೂರ ಸರಿಯಲಿಲ್ಲ. "ತಗಂಬರ್ರಿ ಅತ್ತಿಗೆ, ಹಾಕ್ರಿ" ಎಂದ ಮೈದುನ, ಏನೂ ಆಗಿಯೇ ಇಲ್ಲವೇನೋ ಎಂಬಂತೆ. ಊರಿನ ಭಯ ನಮ್ಮ ಬಾಗಿಲು ಬಿಟ್ಟು ಅವಳ ಬಾಗಿಲಿಗೆ ಹೋಗಿತ್ತು, ಅಷ್ಟೇ. ನಾನು ಇಷ್ಟು ದಿನ ಹಟ ಹಿಡಿದು ನಿಂತದ್ದು ಇದಕ್ಕೇನು ಎಂದು ನಾಚಿಕೆಯಾಯಿತು. ನಾಳೆ ನೋಡೋಣ ಎಂದು ಹೇಳಿ, ಪಾತ್ರೆ ಎತ್ತಿಕೊಂಡು ಬಂದುಬಿಟ್ಟೆ.

ಮನೆಗೆ ಬಂದರೆ ಅಕ್ಕನ ಎಮ್ಮೆಯ ಕೂಗು. ಅದು ಅವಳ ಕೈಗಲ್ಲದೆ ಇನ್ನಾರ ಕೈಗೂ ಹಾಲು ಕೊಡದ ಹಟಮಾರಿ. ಕೆಚ್ಚಲು ಬಿಗಿದು ಸಂಕಟಪಡುತ್ತಿತ್ತು. ಅಕ್ಕನ ಯಜಮಾನರು ಹೆಂಡತಿಯ ಸೀರೆ ಸುತ್ತಿಕೊಂಡು ಹಾಲು ಕರೆಯಲು ಹೋಗಿ ಒದೆಸಿಕೊಂಡಿದ್ದರು. ತಮ್ಮ ಹಿತ್ತಲ ಬೇಲಿಯಾಚೆ ನಿಂತು ಅದನ್ನು ಹೇಳುವಾಗ ಆ ದೊಡ್ಡ ಮೀಸೆಯ ಮನುಷ್ಯನ ಕಣ್ಣಲ್ಲಿ ನೀರಿತ್ತು. ನಾನು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಕೇಳಿದೆ. ಮನೆಯೊಳಗೆ ಕಾಲಿಡಬೇಡ, ಮಾಸ್ಕ್ ಹಾಕು, ಸೋಪಿನಿಂದ ಕೈ ತೊಳಿ, ಕೊಟ್ಟಿಗೆಗೆ ಹೋಗು ಎಂದಳು. ಯಜಮಾನರನ್ನು ಒಳಗೆ ಕಳಿಸಿ, ಹಿತ್ತಲಿನಿಂದ ಹೋದೆ. ಹಿಂಡಿ ಇಟ್ಟರೂ ಎಮ್ಮೆ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಹಗ್ಗದ ಮೇಲೆ ಒಣಗುತ್ತಿದ್ದ ಅಕ್ಕನ ಸೀರೆಯನ್ನು ತೆಗೆದು ನನ್ನ ಸೀರೆಯ ಮೇಲೇ ಸುತ್ತಿಕೊಂಡು, ಅವಳು ಕರೆಯುವಂತೆ ಬಾರಮ್ಮ ಬಾರಮ್ಮ ಎನ್ನುತ್ತ ಕೂತೆ. ತುಂಬ ಹೊತ್ತು ಮೂಸಿ ನೋಡಿತು. ಆಮೇಲೆ ಸೊರೆ ಬಿಟ್ಟಿತು, ಹಾಲು ಇಳಿಯಿತು.

ಮರುದಿನ ಬೆಳಿಗ್ಗೆ ಡೈರಿಯ ಕಟ್ಟೆಯ ಮೇಲೆ ಎರಡು ಪಾತ್ರೆ ಇಟ್ಟೆ.

"ಇದು ನಮ್ಮದು. ಇದು ಅಕ್ಕನ ಎಮ್ಮೆದು, ನಾನೇ ಕರೆದೀನಿ. ಹಾಕ್ಕೊಂಡ್ರೆ ಎರಡೂ ಹಾಕ್ಕೋ. ಒಂದು ಬ್ಯಾಡ ಅಂದ್ರೆ ಎರಡೂ ಬ್ಯಾಡ."

ಮೈದುನ ಸಾಲಿನ ಕಡೆ ನೋಡಿದ. ನಾನೂ ತಿರುಗಿ ನಿಂತು ಒಬ್ಬೊಬ್ಬರ ಮುಖವನ್ನೇ ನೋಡಿದೆ. ನಾಳೆ ಆ ಗಾಡಿ ಯಾರ ಮನೆ ಮುಂದೆ ನಿಲ್ಲುತ್ತದೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ ಎಂದೆ. ಒಬ್ಬರು ಗೊಣಗಿಕೊಂಡು ಪಾತ್ರೆಯೊಂದಿಗೆ ಮನೆಗೆ ಹೋದರು. ಉಳಿದವರು ಅಲ್ಲಾಡಲಿಲ್ಲ. ಮೈದುನ ಎಮ್ಮೆ ಹಾಲನ್ನೇ ಮೊದಲು ಅಳೆದು ಕ್ಯಾನಿಗೆ ಸುರಿದ, ಆಮೇಲೆ ನಮ್ಮದನ್ನು.

ಅಕ್ಕ ಗುಣವಾಗಿ ಬಂದ ಮೇಲೆ ಒಂದು ಬೆಳಿಗ್ಗೆ ತಾನೇ ಹಾಲು ತಂದು ಸಾಲಿನಲ್ಲಿ ನನ್ನ ಹಿಂದೆ ನಿಂತಳು. ಸಿಟ್ಟಿನ ದನಿಯಲ್ಲೇ ಕೇಳಿದಳು.

"ನನ್ನ ಎಮ್ಮೆ ನಿನ್ನ ಕೈಗೆ ಹೆಂಗೆ ಸೊರೆ ಬಿಡ್ತು?"

"ನಿನ್ನ ಸೀರೆ ಉಟ್ಕಂಡಿದ್ದೆ ಅಕ್ಕ."

ಅವಳು ನನ್ನನ್ನೇ ನೋಡಿದಳು. ಆಸ್ಪತ್ರೆಯಿಂದ ಬಂದಾಗಿನಿಂದ ಅವಳ ಲೋಟ ತಟ್ಟೆಯನ್ನು ಮನೆಯವರೇ ಬೇರೆ ಇಟ್ಟಿದ್ದರಂತೆ, ಅವಳ ಬಟ್ಟೆಯನ್ನು ಕೋಲಿನಿಂದ ಎತ್ತುತ್ತಿದ್ದರಂತೆ. ಅದನ್ನು ಹೇಳುತ್ತ ಹೇಳುತ್ತ ಕಟ್ಟೆಯ ಮೇಲೆ ಕುಸಿದು ಕೂತಳು. ಸರದಿ ಬಂದಾಗ ಅವಳ ಪಾತ್ರೆಯನ್ನೂ ನಾನೇ ಎತ್ತಿಕೊಂಡು ಮುಂದೆ ಹೋದೆ.