ದೊಡ್ಡಮ್ಮ ಹೊಲಿದ ಕೋಟು

ನಮ್ಮ ದೊಡ್ಡಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ಸುಳ್ಳೇನಲ್ಲ. ಆದರೆ ಆ ಹೊಟ್ಟೆ ಯಾವತ್ತು, ಯಾಕೆ ಉರಿಯಿತು ಎಂಬುದನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ. ಹಾಗಾಗಿ ಈ ಕಥೆ ನಾನೇ ಹೇಳಬೇಕು.

ದೊಡ್ಡಮ್ಮ ಮತ್ತು ನನ್ನಮ್ಮ ವಾರಗಿತ್ತಿಯರು. ಒಂದೇ ಮನೆ, ಒಂದೇ ಅಡುಗೆಮನೆ, ಸಾಲದ್ದಕ್ಕೆ ಕೆಲಸವೂ ಒಂದೇ ಕಡೆ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದೊಡ್ಡಮ್ಮ ಬಟ್ಟೆ ಕತ್ತರಿಸುವವಳು. ಅಮ್ಮ ಅದೇ ಮೇಜಿನ ಆಚೆ ಬದಿಗೆ ನಿಂತು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಡುವವಳು. ಮನೆಯವರಿಗೆ ಹೊಲಿಯುವಾಗ ದೊಡ್ಡಮ್ಮ ಟೇಪು ಹಿಡಿದವಳೇ ಅಲ್ಲ. ಎದುರಿಗಿದ್ದವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳೆಂದರೆ ಮುಗಿಯಿತು, ಸೀದಾ ಕತ್ತರಿ ಆಡಿಸುವುದೇ. ಕಾರ್ಖಾನೆಯಲ್ಲಿ ಅವಳಿಗೆ ಕತ್ತರಿಯಮ್ಮ ಎಂದೇ ಹೆಸರು. ನಾಲಿಗೆಯೂ ಹೆಸರಿಗೆ ತಕ್ಕ ಹಾಗೇ ಇತ್ತು.

ಕಂಪ್ಯೂಟರ್ ಹೇಳಿದಂತೆ ಬಟ್ಟೆ ಕತ್ತರಿಸುವ ಹೊಸ ಯಂತ್ರ ತರಿಸಲು ಯಜಮಾನರು ಮನಸ್ಸು ಮಾಡಿದರು. ಅದನ್ನು ತಯಾರಿಸುವ ಕಂಪನಿ ಇದ್ದದ್ದು ಪರದೇಶದಲ್ಲಿ. ಒಬ್ಬರು ಅಲ್ಲಿಗೆ ಹೋಗಿ, ಮೂರು ವಾರ ಇದ್ದು ಕಲಿತು ಬರಬೇಕು. ಊಟದ ಬಿಡುವಿನಲ್ಲಿ, ಎಲ್ಲರೆದುರು, ಯಜಮಾನರು ಮೊದಲು ಕೇಳಿದ್ದು ದೊಡ್ಡಮ್ಮನನ್ನೇ.

"ನನಗ್ಯಾಕೆ ಸಾರ್ ಅದೆಲ್ಲ? ಯಾರಾದ್ರೂ ಚಿಕ್ಕವರನ್ನ ಕಳ್ಸಿ," ಎಂದಳು ದೊಡ್ಡಮ್ಮ.

ಇನ್ನೊಂದು ಸಲ ಕೇಳಿ ಎಂದು ಅದರ ಅರ್ಥ. ನಮ್ಮ ಮನೆಯಲ್ಲಿ ಮೊದಲ ಸಲಕ್ಕೇ ಹೂಂ ಎಂದವರಿಲ್ಲ; ಸಾಕು ಸಾಕು ಎನ್ನುತ್ತಲೇ ತಟ್ಟೆ ಮುಂದಕ್ಕೆ ಸರಿಸುವ ಜನ ನಾವು. ಯಜಮಾನರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? "ಸರಿ ಹಾಗಾದ್ರೆ, ನಿಮ್ಮ ತಂಗೀನೇ ಹೋಗ್ಲಿ," ಎಂದು ಅಮ್ಮನ ಹೆಸರು ಬರೆದುಕೊಂಡು ಹೊರಟೇಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕನೇ ಹೋಗಲಿ ಎಂದು ಅಮ್ಮನಾದರೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಪ್ರಯಾಣದ ತಯಾರಿ ಶುರುವಾಯಿತು, ದೊಡ್ಡಮ್ಮನ ಕೊಂಕೂ ಶುರುವಾಯಿತು. ಅಮ್ಮ ಸೂಟ್‌ಕೇಸ್ ತಂದರೆ ಅದರ ಗಾಲಿ ವಿಮಾನ ನಿಲ್ದಾಣದ ಬಾಗಿಲಲ್ಲೇ ಕಳಚಿಕೊಳ್ಳುತ್ತದೆ ಎಂದಳು. ಫೋಟೋ ತೆಗೆಸಿದರೆ, "ಈ ಮುಖ ನೋಡಿ ಯಾವ ದೇಶದೋರು ಒಳಗೆ ಬಿಟ್ಕೋತಾರೆ?" ಎಂದಳು. ವಿಮಾನದಲ್ಲಿ ಕಿವಿ ಒಡೆಯುತ್ತದಂತೆ, ಅಲ್ಲಿನ ಚಳಿಗೆ ಮೂಗು ಮುಟ್ಟಿದರೂ ಗೊತ್ತಾಗುವುದಿಲ್ಲವಂತೆ. ಇವಳೇನು ಹೋಗಿ ನೋಡಿಕೊಂಡು ಬಂದಿದ್ದಳೇ? ಪಕ್ಕದ ಮನೆಯಾಕೆ ಬಂದು, "ನಿಮ್ಮ ಮನೇಲಿ ಇವರೇ ಮೊದಲು ವಿಮಾನ ಹತ್ತೋದು, ಅಲ್ವಾ?" ಎಂದು ಖುಷಿಪಟ್ಟಾಗ ದೊಡ್ಡಮ್ಮ ಚಹಾದ ಲೋಟ ಕುಕ್ಕಿ ಹೇಳಿದಳು, "ಹತ್ತೋದೇನು ಮಹಾ, ಇಳೀಬೇಕಲ್ಲ."

ಪಾಸ್‌ಪೋರ್ಟ್ ಕಚೇರಿಗೆ ಅಮ್ಮನ ಜೊತೆಗೆಂದು ಹೊರಟವಳು ತನ್ನದೂ ಒಂದು ಅರ್ಜಿ ಹಾಕಿದಳು. ಹೇಗೂ ರಜೆ ಹಾಳಾಗಿದೆಯಲ್ಲ ಎಂದು ನೆಪ ಹೇಳಿದಳು. ಎರಡೂ ಒಂದೇ ದಿನ ಬಂದವು. ಅಮ್ಮ ತನ್ನದನ್ನು ಬೀದಿಗೆಲ್ಲ ತೋರಿಸಿದಳು. ದೊಡ್ಡಮ್ಮ ತನ್ನದನ್ನು ಕಪಾಟಿನಲ್ಲಿ ಬಟ್ಟೆಗಳ ಅಡಿಗೆ ಇಟ್ಟಳು. ಯಾರೂ ಇಲ್ಲದಾಗ ಅದನ್ನು ತೆಗೆದು ಖಾಲಿ ಪುಟಗಳನ್ನು ಒಂದೊಂದಾಗಿ ತಿರುವುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಆಗ ನನಗೆ ಹದಿನಾರು. ನಗು ತಡೆಯಲಾಗಿರಲಿಲ್ಲ.

ಚಳಿಗೆ ಅಮ್ಮನಿಗೊಂದು ದಪ್ಪ ಕೋಟು ಬೇಕಾಯಿತು. ಅಂಗಡಿಯಿಂದ ತರುತ್ತೇನೆ ಎಂದಾಗ ದೊಡ್ಡಮ್ಮ ಮುಖ ಗಂಟಿಕ್ಕಿದಳು. "ನಾನಿನ್ನೂ ಬದುಕಿದ್ದೀನಿ." ತಾನೇ ಹೋಗಿ ಬೂದು ಬಣ್ಣದ ಉಣ್ಣೆ ಬಟ್ಟೆ ಆರಿಸಿ ತಂದಳು. ಎರಡು ವಾರ, ದಿನಾ ಕೆಲಸ ಮುಗಿಸಿ ಬಂದ ಮೇಲೆ ಊಟದ ಮೇಜಿನ ತುಂಬ ಅದನ್ನೇ ಹರಡಿಕೊಂಡು ಕೂತಳು. ಕೊಂಕು ಕೂಡ ಕಡಿಮೆಯಾಯಿತು. ಪಾಪ, ಮನಸ್ಸು ತಿಳಿಯಾಗಿರಬೇಕು ಎಂದುಕೊಂಡೆವು.

ವೀಸಾ ಅರ್ಜಿ ಸೋಮವಾರ ಹೋಗಬೇಕಿತ್ತು. ಹಿಂದಿನ ದಿನ ಸಂಜೆ ಅಮ್ಮ ಕೋಟು ಹಾಕಿಕೊಂಡು ನಿಂತಳು. ಭುಜಗಳು ಎರಡೂ ಕಡೆ ಜೋತುಬಿದ್ದವು. ತೋಳಿನಿಂದ ಬೆರಳ ತುದಿಯೂ ಆಚೆ ಬರಲಿಲ್ಲ. ಅಮ್ಮ ಸಣಕಲು ಹೆಂಗಸು. ದೊಡ್ಡಮ್ಮ ಎತ್ತರದ ಆಳು, ಅಗಲ ಭುಜ. ಹಗಲೆಲ್ಲ ಅಮ್ಮನನ್ನು ಕಣ್ಣೆದುರಿಗೇ ಇಟ್ಟುಕೊಂಡು ಅವಳು ತನ್ನ ಅಳತೆಗೆ ಕೋಟು ಹೊಲಿದಿದ್ದಳು. ಬೇಕೆಂದು ಮಾಡಿದ್ದಲ್ಲ. ಭುಜದ ಹೊಲಿಗೆಯನ್ನು ಮುಟ್ಟಿ ನೋಡಿದಾಗ ಅವಳ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ.

"ನೀವೊಂದ್ಸಲ ಹಾಕ್ಕೊಳ್ಳಿ ಅಕ್ಕ, ನೋಡೋಣ," ಎಂದಳು ಅಮ್ಮ.

ದೊಡ್ಡಮ್ಮ ಹಾಕಿಕೊಂಡಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಅವಳು ಕನ್ನಡಿಯ ಎದುರು ನಿಂತು ಒಂದೊಂದೇ ಗುಂಡಿ ಹಾಕಿಕೊಂಡಳು. ಕೊರಳಿನ ಗುಂಡಿ ಹಾಕಿದ ಮೇಲೂ ಕನ್ನಡಿ ಬಿಟ್ಟು ಕದಲಲಿಲ್ಲ. ಅದನ್ನು ನೋಡಿ ಅಮ್ಮನಿಗೆ ಇರುಸುಮುರುಸಾಗಿರಬೇಕು.

"ನಿಮಗೇ ಎಷ್ಟು ಚೆನ್ನಾಗಿ ಒಪ್ಪುತ್ತೆ. ನೀವೇ ಹೋಗ್ಬಿಡಿ ಅಕ್ಕ. ಹೇಗೂ ಪಾಸ್‌ಪೋರ್ಟ್ ಇದೆಯಲ್ಲ," ಎಂದಳು.

ಎರಡು ತಿಂಗಳಿಂದ ಈ ಮಾತನ್ನು ಯಾರಾದರೂ ಆಡಲಿ ಎಂದು ದೊಡ್ಡಮ್ಮ ಕಾದಿದ್ದಳು.

"ಹೋಗ್ತೀನಿ," ಎಂದಳು.

ಅಮ್ಮ ಗೊಳ್ಳೆಂದು ನಕ್ಕಳು. "ಅಕ್ಕ ಇದ್ರೆ ನಗುವಿಗೆ ಬರವೇ ಇಲ್ಲ ನೋಡು," ಎಂದು ನನ್ನ ಕಡೆ ತಿರುಗಿದಳು. ನಗುವಿದ್ದದ್ದು ಬಾಯಲ್ಲಿ ಮಾತ್ರ. ಕಣ್ಣಲ್ಲಿ ಹೆದರಿಕೆ ಇತ್ತು. ಅವಳಿಗೆ ಅರ್ಥವಾಗಿತ್ತು. ನನಗೂ ಆಗಿತ್ತು. ನಾನೂ ಜೋರಾಗಿ ನಕ್ಕೆ. ಪರದೇಶಕ್ಕೆ ಹೋಗುವುದು ನನ್ನಮ್ಮನೇ ಆಗಿರಲಿ ಎಂದು ನಕ್ಕೆ.

ಸ್ವಲ್ಪ ತಡವಾಗಿ ದೊಡ್ಡಮ್ಮನೂ ನಕ್ಕಳು. ಗುಂಡಿ ಬಿಚ್ಚಿ ಕೋಟು ಕಳಚಿದಳು. ತೋಳಿನ ಹೊಲಿಗೆ ಬಿಚ್ಚಬೇಕು, ಒಂದು ಬ್ಲೇಡು ಕೊಡು ಎಂದಳು. ನಾನು ಓಡಿಹೋಗಿ ತಂದುಕೊಟ್ಟೆ.